ಹೆಬ್ಬೆರಳು ಬಿದ್ದ ಚಿತ್ರಗಳು

ಆತನನ್ನು ಮೊದಲು ಕಂಡ ದಿನವೇ ತಪ್ಪು ತಿದ್ದಲು ಹೋಗಿ ಮುಖಭಂಗ ಮಾಡಿಕೊಂಡೆ. ಸಂಜೆ ಊರಾಚೆಯ ಪಾಳು ಮಠದ ಕಡೆ ನಡೆದು ಹೋಗಿದ್ದೆ. ನೂರಾರು ವರ್ಷಗಳ ಹಿಂದೆ ಸನ್ಯಾಸಿಗಳಿದ್ದ ಕಟ್ಟಡ. ಉಳಿದದ್ದು ಊಟದ ಮನೆಯ ಒಂದು ಕಲ್ಲಿನ ಕಮಾನು, ಅದೂ ವಾಲಿತ್ತು. ಏಣಿಯ ಮೇಲೆ ಕಲ್ಲುಕೆಲಸದವನೊಬ್ಬ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ಕಲ್ಲಿಗೆ ಒತ್ತಿ ಫೋಟೊ ತೆಗೆಯುತ್ತಿದ್ದ.

“ಬೆರಳು ಅಡ್ಡ ಬರ್ತಿದೆಯಪ್ಪ,” ಎಂದೆ.

“ಬರಲಿ ಅಂತಾನೇ ಇಟ್ಟಿರೋದು, ಮೇಷ್ಟ್ರೇ. ಬೆರಳಿಲ್ಲದಿದ್ರೆ ಕಲ್ಲು ಎಷ್ಟು ದಪ್ಪ ಅಂತ ಹೇಗೆ ಗೊತ್ತಾಗತ್ತೆ? ನಿಮ್ಮ ಕೆಂಪು ಪೆನ್ನಿಂದಾನಾ?”

ಊರಿನವರು ಆತನನ್ನು, ಗೋಡೆಯ ಮಟ್ಟ ನೋಡುವ ಉಪಕರಣದ ಹೆಸರಿನಿಂದಲೇ, ರಸಮಟ್ಟ ಎನ್ನುತ್ತಿದ್ದರು. ಯಾರ ಮನೆಗೆ ಹೋದರೂ ಕೂರುವ ಮೊದಲೇ ಅವರ ಗೋಡೆ ಎತ್ತ ವಾಲಿದೆಯೆಂದು ಹೇಳುವ ಆಸಾಮಿ. ಮಠದ ಸಂರಕ್ಷಣಾ ಸಮಿತಿಯು ಕಮಾನನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸವನ್ನು ಆತನಿಗೆ ಒಪ್ಪಿಸಿತ್ತು. ಅದು ನಿಲ್ಲದಿದ್ದರೆ ಕಲ್ಲುಗಳೆಲ್ಲ ರಸ್ತೆಯ ಗುಂಡಿಗೆ ಎಂದು ಅಧ್ಯಕ್ಷರು ಮೊದಲೇ ಹೇಳಿಬಿಟ್ಟಿದ್ದರು. ರಸಮಟ್ಟ ನಲವತ್ತೊಂದು ಕಲ್ಲಿಗೂ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು, ಫೋಟೊ ತೆಗೆದು, ಒಂದೊಂದಾಗಿ ಇಳಿಸಿ ಸಾಲಾಗಿ ಇಟ್ಟ.

ಆತನ ಹೆಂಡತಿ ನನ್ನ ಬಳಿ ದೂರಿದ್ದಳು: “ಮೊಮ್ಮಗಳದು ಒಂದು ಫೋಟೊ ಇಲ್ಲ ಮೇಷ್ಟ್ರೇ. ಕಲ್ಲಿಗಾದ್ರೆ ತಲಾ ನಾಲ್ಕು!”

ಅಷ್ಟರಲ್ಲಿ ಯಾರೋ ದೊಡ್ಡವರು ಮಠ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಅಧ್ಯಕ್ಷರು ಕಲ್ಲುಗಳನ್ನೆಲ್ಲ ಬ್ರಷ್ಷಿನಿಂದ ಉಜ್ಜಿ ತೊಳೆಸಿ, ಒಂದೇ ಗುಡ್ಡೆ ಹಾಕಿಸಿದರು.

“ನಂಬರು ಎಲ್ಲಿ ಸ್ವಾಮಿ?” ಎಂದ ರಸಮಟ್ಟ.

“ಗೀಚಿದ್ದನ್ನೆಲ್ಲ ಅಳಿಸಿದ್ವಿ. ಕಲ್ಲು ಕಲ್ಲೇ ಅಲ್ವೇನಯ್ಯಾ, ಯಾವುದು ಎಲ್ಲಿದ್ರೇನು?”

ಹೀಗೆ ಕೇಳುವವನನ್ನು ನಾನು ಮೂರನೆಯ ತರಗತಿ ದಾಟಲು ಬಿಡುತ್ತಿರಲಿಲ್ಲ. ಊರು ಅಧ್ಯಕ್ಷನನ್ನಾಗಿ ಮಾಡಿತ್ತು. ಸಮಿತಿಯವರ ಬಳಿ ಫೋಟೊಗಳಿಗೇನೂ ಬರವಿರಲಿಲ್ಲ. ಮುನ್ನೂರು ಫೋಟೊಗಳಲ್ಲಿಯೂ ಕಮಾನು ಇತ್ತು, ಅವರ ತಲೆಗಳ ಹಿಂದೆ.

ಹನ್ನೊಂದು ದಿನ ರಸಮಟ್ಟ ಆ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಫೋನು ನೋಡುವುದು, ಕಲ್ಲಿಗೆ ಹೆಬ್ಬೆರಳು ಒತ್ತುವುದು, ತಲೆಯಾಡಿಸುವುದು. ಏಳನೆಯ ಕಲ್ಲೂ ಮೂವತ್ತಮೂರನೆಯದೂ ಅವಳಿಗಳಂತಿದ್ದವು; ಉಗುರಿನಷ್ಟು ವ್ಯತ್ಯಾಸ. ಅದನ್ನು ಆ ಬೆರಳೇ ಹೇಳಿತು. ಕಮಾನನ್ನು ಮತ್ತೆ ಕಟ್ಟಿ ಮುಗಿಸಿ, ಅದಕ್ಕೆ ಕೊಟ್ಟಿದ್ದ ಮರದ ಆಸರೆ ತೆಗೆದ ದಿನ ಆತ ಸರಿಯಾಗಿ ಕಮಾನಿನ ಕೆಳಗೇ ನಿಂತ.

“ಬಿದ್ರೆ ಮೊದಲು ನನ್ನ ಮೇಲೇ ಬೀಳಲಿ. ನೀವು ಕಾರಿನ ಹಿಂದೆ ನಿಂತ್ಕೊಳ್ಳಿ ಅಧ್ಯಕ್ಷರೇ!”

ಅಧ್ಯಕ್ಷರು ಆಗಲೇ ಅಲ್ಲಿದ್ದರು. ಕಮಾನು ಮಿಸುಕಲಿಲ್ಲ.

ಉದ್ಘಾಟನೆಯಾಯಿತು. ಪಕ್ಕದಲ್ಲಿ ನೆಟ್ಟ ಹೊಳೆಯುವ ಕಲ್ಲಿನ ಫಲಕದಲ್ಲಿ ಹದಿನಾರು ಹೆಸರುಗಳಿವೆ. ಕಟ್ಟಿದವನದು ಹದಿನೇಳನೆಯದಾಗಿಯೂ ಇಲ್ಲ. ಆ ಫಲಕವನ್ನು ಅಧ್ಯಕ್ಷರ ಷಡ್ಡಕ ನಿಲ್ಲಿಸಿದ್ದು.

ಈಗಲೂ ಪ್ರತಿ ಸೋಮವಾರ ರಸಮಟ್ಟ ಬಂದು ಕಮಾನಿನ ಸಂದುಗಳ ಫೋಟೊ ತೆಗೆಯುತ್ತಾನೆ, ಹೆಬ್ಬೆರಳಿನ ಸಮೇತ. ಮರಳುವಾಗ ಫಲಕದ ಬುಡದಲ್ಲಿಯೂ ಒಂದು. ಎರಡು ತಿಂಗಳಲ್ಲಿ ಫಲಕ ಎಡಕ್ಕೆ ಅರ್ಧ ಬೆರಳು ವಾಲಿದೆಯಂತೆ.

“ಅಧ್ಯಕ್ಷರಿಗೆ ಹೇಳಬಾರದೇನಪ್ಪ?” ಎಂದೆ.

“ಯಾಕೆ ಮೇಷ್ಟ್ರೇ? ಕಲ್ಲು ಕಲ್ಲೇ ಅಲ್ವಾ!” ಎಂದು ಫೋನನ್ನು ಜೇಬಿಗಿಳಿಸಿದ.