ಒಂದು ಬೆರಳು ಗಿಡ್ಡ ತೋಳು

ಪಕ್ಕದ ಮನೆಯ ಹುಡುಗಿಯ ಕೈಗೆ ಹಾಕಿದ ಹಸಿ ಪ್ಲಾಸ್ಟರಿನ ವಾಸನೆ ಇವತ್ತು ನನ್ನನ್ನು ನಾಗಪುರದ ರೈಲ್ವೆ ಕ್ವಾರ್ಟರ್ಸಿಗೆ ಎಳೆದೊಯ್ದಿತು. ಚಿಕ್ಕವಳಿದ್ದಾಗ ಅಲ್ಲಿ ಹುಣಸೆಮರದಿಂದ ಬಿದ್ದು ನನ್ನ ಎಡ ಮಣಿಕಟ್ಟು ಊದಿಕೊಂಡಾಗ, ಅವ್ವ ಇತವಾರಿ ಪೇಟೆಯಲ್ಲಿ ಎಲುಬು ಕೂಡಿಸುವ ಪೈಲ್ವಾನನ ಹತ್ತಿರ ಎಣ್ಣೆ ಹಚ್ಚಿಸಿ ತಿಕ್ಕಿಸಿದಳು. ಊತ ಇಳಿಯಲಿಲ್ಲ. ಕೊನೆಗೆ ಅಪ್ಪ ಆಸ್ಪತ್ರೆಗೆ ಕರೆದೊಯ್ದು ಪ್ಲಾಸ್ಟರ್ ಹಾಕಿಸಿದರು. ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಅಪ್ಪ ಮನೆಗೆ ಬಂದು ಅವ್ವನಿಗೆ ತಿಳಿಸಿದರು.

"ಎಲುಬು ಬೆಳಿಯೋ ಜಾಗಕ್ಕನ ಪೆಟ್ಟಾಗೈತಂತ. ತಿಕ್ಕಬಾರದಿತ್ತಂತ. ಕೈ ಬರೋಬರ್ ಬೆಳಿತೈತೋ ಇಲ್ಲೋ, ಎರಡು ವರ್ಷ ನೋಡಬೇಕಂತ."

ಅವ್ವ ಅಳಲಿಲ್ಲ. ಪ್ರತಿ ಅಮಾವಾಸ್ಯೆಗೆ ನನ್ನ ಎರಡೂ ಕೈ ಜೋಡಿಸಿ ಅಳೆಯತೊಡಗಿದಳು. ಎರಡು ವರ್ಷದಲ್ಲಿ ಎಡಗೈ ಒಂದು ಬೆರಳಿನಷ್ಟು ಹಿಂದೆ ಬಿತ್ತು. ಆ ಚಳಿಗಾಲ ಅವಳು ಹೆಣೆದ ಸ್ವೆಟರಿನ ಎಡತೋಳೂ ಅಷ್ಟೇ ಗಿಡ್ಡವಿತ್ತು.

"ಹಾಕ್ಕೋ, ಯಾರಿಗೂ ಗೊತ್ತಾಗಂಗಿಲ್ಲ," ಅಂದಳು. ನನ್ನ ಮುಖ ನೋಡಲಿಲ್ಲ.

‘ಬಿದ್ದಾಗನ ಪೆಟ್ಟಾಗಿತ್ತವ್ವ, ನಿಂದೇನೂ ತಪ್ಪಿಲ್ಲ’ ಎಂಬ ಒಂದು ಮಾತನ್ನು ಅವಳಿರುವವರೆಗೂ ನಾನು ಹೇಳಲೇ ಇಲ್ಲ. ಇವತ್ತು, ಮಗಳ ಕೈ ನೋಡಿ ತನ್ನನ್ನೇ ಹಳಿದುಕೊಳ್ಳುತ್ತಿದ್ದ ಪಕ್ಕದ ಮನೆಯ ತಾಯಿಗೆ ಅದನ್ನು ಹೇಳಿ ಬಂದೆ.