ಅರಬ್ಬಿಯಲ್ಲಿ ಮಾತ್ರೆ ಎಣಿಸಿದ್ದು

ಮೂರರಿಂದ ಹತ್ತರವರೆಗೆ ವಸ್ತು ಸ್ತ್ರೀಲಿಂಗವಾದರೆ ಸಂಖ್ಯೆ ಪುಲ್ಲಿಂಗ, ವಸ್ತು ಪುಲ್ಲಿಂಗವಾದರೆ ಸಂಖ್ಯೆ ಸ್ತ್ರೀಲಿಂಗ. ಹನ್ನೊಂದಾದ ಕೂಡಲೇ ವಸ್ತು ಬಹುವಚನ ಬಿಟ್ಟು ಏಕವಚನಕ್ಕೆ ಇಳಿಯುತ್ತದೆ. ಎರಡಕ್ಕೆ ಸಂಖ್ಯೆಯೇ ಬೇಡ, ಪದದ ಬಾಲ ಬದಲಾದರೆ ಸಾಕು. ಅರಬ್ಬಿಯ ಈ ಲೆಕ್ಕ ಕೇಳಿದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಲ್ಲಿ ಜನರಿಗೆ ಮೂವರು, ಮಾತ್ರೆಗೆ ಮೂರು, ಅಲ್ಲಿಗೆ ಮುಗಿಯಿತು.

ಆದರೆ ಕಲಿಯದೆ ಗತಿಯಿರಲಿಲ್ಲ. ರಾಯಚೂರು ಕಡೆಯವರು ನಾವು. ನಾನು ಇಲ್ಲಿ ನರ್ಸ್, ಗಂಡ ಗಲ್ಫ್‌ನಲ್ಲಿ ಡ್ರೈವರ್. ಮೂರು ವರ್ಷದಿಂದ ಅವನನ್ನು ಫೋನಿನಲ್ಲೇ ನೋಡುತ್ತಿದ್ದೆ. ಅವನಿದ್ದ ಊರಿನ ಆಸ್ಪತ್ರೆಯೊಂದು ನರ್ಸುಗಳನ್ನು ತೆಗೆದುಕೊಳ್ಳುತ್ತಿತ್ತು. ರೋಗಿಗೆ ಅರಬ್ಬಿಯಲ್ಲಿ ಔಷಧಿ ವಿವರಿಸುವ ಪರೀಕ್ಷೆ ಪಾಸಾದರೆ ಕೆಲಸ. ಹಾಗಾಗಿ ಸಿ.ವಿ. ರಾಮನ್ ನಗರದಲ್ಲಿ ಡ್ಯೂಟಿ ಮುಗಿಸಿ ಪಾಠಕ್ಕೆ ಶಿವಾಜಿನಗರಕ್ಕೆ ಓಡುತ್ತಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತಲ್ಲಿ ಕೂರಲಾಗದೆ ಸೀಟು, ಕಿಟಕಿ, ಜನರನ್ನೆಲ್ಲ ಅರಬ್ಬಿಯಲ್ಲಿ ಎಣಿಸುತ್ತಿದ್ದೆ. ಎರಡು ಸಲ ನಾನಿಳಿಯಬೇಕಾದ ಟಿನ್ ಫ್ಯಾಕ್ಟರಿ ಸ್ಟಾಪೇ ದಾಟಿಹೋಯಿತು.

ಪಾಠ ಹೇಳುತ್ತಿದ್ದವರು ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ನರ್ಸಾಗಿದ್ದ ಹಿರಿಯ ಹೆಂಗಸು. ಪರೀಕ್ಷೆಗೆ ವಾರವಿದ್ದಾಗ ತಾವೇ ರೋಗಿಯಾಗಿ ಎದುರು ಕೂತರು. ಔಷಧಿ ಚೀಟಿಯಲ್ಲಿ ಎಂಟು ಗಂಟೆಗೊಮ್ಮೆ ಎರಡು ಮಾತ್ರೆ ಎಂದಿತ್ತು. ನಾನು ಲಿಂಗ, ವಚನ ಎಲ್ಲ ಹೊಂದಿಸಿ, ಒಂದಿಷ್ಟೂ ತಡವರಿಸದೆ, ಎರಡು ಗಂಟೆಗೊಮ್ಮೆ ಎಂಟು ಮಾತ್ರೆ ಎಂದೆ.

ಅವರು ಚೀಟಿ ಮಡಚಿದರು. "ಗ್ರಾಮರ್ ಸರಿ ಇದೆ ಬೇಟಿ. ಪೇಷೆಂಟ್ ಉಳಿಯಲ್ಲ."

ಏಳು ವರ್ಷದ ಕೆಲಸದಲ್ಲಿ ಒಂದು ಡೋಸೂ ತಪ್ಪಿದವಳಲ್ಲ ನಾನು. ನಾಚಿಕೆಯಿಂದ ಕಣ್ಣಲ್ಲಿ ನೀರೇ ಬಂತು.

ಪರೀಕ್ಷೆಯಲ್ಲಿ ಸಂಖ್ಯೆ ಎದುರಾದ ಕೂಡಲೇ ಆ ಎಂಟು ಮಾತ್ರೆ ನೆನಪಾಗಿ ಬಾಯಿ ಕಟ್ಟಿತು. ನಿಯಮಗಳನ್ನೆಲ್ಲ ಬಿಟ್ಟುಬಿಟ್ಟೆ. ವಾರ್ಡಿನಲ್ಲಿ ಓದು ಬಾರದ ಅಜ್ಜಿಯರಿಗೆ ಹೇಳುವ ಹಾಗೆ ಮಾತ್ರೆಗಳನ್ನು ಅಂಗೈಯಲ್ಲಿಟ್ಟು, ಒಂದು, ಇನ್ನೊಂದು, ಬೆಳಿಗ್ಗೆ; ಒಂದು, ಇನ್ನೊಂದು, ಮಧ್ಯಾಹ್ನ ಎಂದು ಹರಕುಮುರುಕು ಅರಬ್ಬಿಯಲ್ಲಿ ರಾತ್ರಿಯವರೆಗೂ ಹೇಳಿ, ರೋಗಿಯಾಗಿ ಕೂತಿದ್ದ ಪರೀಕ್ಷಕರಿಂದಲೂ ತಿರುಗಿ ಹೇಳಿಸಿದೆ.

ಆಮೇಲೆ ಎರಡು ವಾರ ಫೋನ್ ಕೈಯಿಂದ ಇಳಿಯಲಿಲ್ಲ. ಊಟ ಮಾಡುವಾಗಲೂ ತೆರೆದು ನೋಡುತ್ತಿದ್ದೆ. ಕೊನೆಗೆ ಉತ್ತರ ಬಂತು. ಭಾಷೆ ಸಾಲದು, ಮುಂದಿನ ವರ್ಷ ಮತ್ತೆ ಪ್ರಯತ್ನಿಸಿ ಎಂದಿತ್ತು.

ಗಂಡನಿಗೆ ಎಲ್ಲ ಹೇಳಿದೆ. ಅವನು, "ಗುಳಿಗಿ ಲೆಕ್ಕ ಬರೋಬ್ಬರಿ ಹೇಳಿದಿ ಹೌದಿಲ್ಲೋ?" ಎಂದ.

ಹೇಳಿದೆ ಎಂದೆ.

"ಹಂಗಾರ ಸಾಕ್ ಬಿಡು."

ಅವನಿಗೂ ಅದು ಸಾಕಾಗಿರಲಿಲ್ಲ, ನನಗೂ.