ರಾಹುಕಾಲ ಕಳೆದು ಹೊರಟ ವಿಮಾನ

ನನ್ನ ಮೊಮ್ಮಗಳು ಪೈಲಟ್ ಆಗಲು ಕಲಿಯುತ್ತಿದ್ದಾಳೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಅವಳು ಮೆಟಿಯೊರಾಲಜಿ, ಅಂದರೆ ಹವಾಮಾನದ ಪರೀಕ್ಷೆಗೆ ಓದುತ್ತಿದ್ದಾಗ ಪುಸ್ತಕ ಹಿಡಿದು ಪಾಠ ಒಪ್ಪಿಸಿಕೊಂಡವಳು ನಾನು. ನನ್ನ ಕಾನ್ವೆಂಟಿನ ಸಿಸ್ಟರ್‌ಗಳು ನಮ್ಮಿಂದ ಪೊಯೆಟ್ರಿ ಒಪ್ಪಿಸಿಕೊಳ್ಳುತ್ತಿದ್ದ ಹಾಗೆಯೇ; ಒಂದು ಪದ ತಪ್ಪಿದರೆ 'ಅಗೇನ್, ಪ್ಲೀಸ್' ಎನ್ನುತ್ತ. ಹಾಗಾಗಿ ಸಿಬಿ ಎಂದರೆ ಗುಡುಗಿನ ಮೋಡ, ಪುಟ್ಟ ವಿಮಾನ ಅದರ ಹತ್ತಿರವೂ ಸುಳಿಯಬಾರದು ಎಂಬುದು ಈ ವಯಸ್ಸಿನಲ್ಲಿ ನನಗೂ ಬಾಯಿಪಾಠವಾಯಿತು.

ಘಟ್ಟದಾಚೆಯ ಫ್ಲೈಯಿಂಗ್ ಸ್ಕೂಲಿಗೆ ಸೇರಿದ ಮೇಲೂ ಅವಳು ಆ ರೂಢಿ ಬಿಡಲಿಲ್ಲ. ಹಾರುವ ದಿನ ಬ್ರೀಫಿಂಗ್ ಮುಗಿಸಿ ಫೋನ್ ಮಾಡುತ್ತಾಳೆ, ಹವಾಮಾನದ ವರದಿಯನ್ನು ನನಗೆ ಓದಿ ಹೇಳುತ್ತಾಳೆ. ಗಾಳಿ ಯಾವ ದಿಕ್ಕಿನದು, ಎಷ್ಟು ದೂರ ಕಾಣುತ್ತದೆ, ಮೋಡ ಎಷ್ಟು ಎತ್ತರದಲ್ಲಿದೆ. ಎಲ್ಲ ಕೇಳಿಸಿಕೊಂಡು ಕೊನೆಗೆ ನಾನು, "ಸೋ ಮೈ ಚೈಲ್ಡ್, ಗೋ ಆರ್ ನೋ-ಗೋ?" ಎನ್ನಬೇಕು. ಅವಳು ನಗುತ್ತ "ಗೋ, ಅಜ್ಜಿ" ಎನ್ನಬೇಕು. ನನ್ನ ಮಟ್ಟಿಗೆ ಅದೊಂದು ಆಟ. ಆ ನಗು ಕೇಳಲೆಂದೇ ನಾನು ಆಡುತ್ತಿದ್ದದ್ದು.

ಕಳೆದ ಬೇಸಗೆಯ ಒಂದು ಶುಕ್ರವಾರ ಅವಳು ಒಬ್ಬಳೇ ಇನ್ನೊಂದು ಊರಿಗೆ ಹಾರಿ, ಇಳಿದು, ಮರಳಬೇಕಿತ್ತು. ಬೆಳಿಗ್ಗೆ ವರದಿ ಓದಿದಳು: ಮಧ್ಯಾಹ್ನದವರೆಗೆ ಆಕಾಶ ತಿಳಿ, ಆಮೇಲೆ ಪಶ್ಚಿಮದಲ್ಲಿ ಸಿಬಿ ಕಟ್ಟುವ ಸಂಭವ. ಅಷ್ಟರಲ್ಲಿ ವಾಪಸು ಬಂದಿರುತ್ತೇನೆ ಎಂದಳು. ಗೋ, ಅಜ್ಜಿ.

ನನ್ನ ಮಗ, ಅಂದರೆ ಅವಳ ಅಪ್ಪ, ಸ್ಟೇಷನ್ ಪಕ್ಕ ಹೋಟೆಲ್ ನಡೆಸುತ್ತಾನೆ. ಅಲ್ಲಿಯ ಊಟದ ಗದ್ದಲ ಇಳಿದ ಮೇಲೆಯೇ ಅವನು ಮನೆಗೆ ಉಣ್ಣಲು ಬರುವುದು. ಸೊಸೆ ಬೇಲಾಪುರದ ಆಫೀಸಿನಲ್ಲಿದ್ದಳು, ಮನೆಯಲ್ಲಿ ನಾವಿಬ್ಬರೇ. ಮಜ್ಜಿಗೆ ಬಡಿಸುತ್ತ, ನಿನ್ನ ಮಗಳು ಇಷ್ಟರಲ್ಲಿ ಇಳಿದು ಊಟಕ್ಕೆ ಕೂತಿರಬೇಕು ಎಂದೆ.

"ಎಲ್ಲಿ ಇಳಿಯುದಮ್ಮ? ಈಗ ಮೇಲೆ ಇರ್ತಾಳೆ," ಎಂದ. "ಅವಳು ಹೊರಡುವ ಟೈಮಿಗೆ ಸರಿಯಾಗಿ ರಾಹುಕಾಲ. ಅದು ಮುಗಿದ ಮೇಲೆ ಹೊರಡು ಅಂತ ನಾನೇ ಫೋನ್ ಮಾಡಿದ್ದೆ. ಪಾಪ, ಆಯ್ತಪ್ಪ ಅಂದ್ಲು."

ಸೌಟು ಕೈಯಲ್ಲೇ ಉಳಿಯಿತು. ಬೆಳಿಗ್ಗೆ ಅವಳು ಓದಿದ್ದನ್ನು ಹೇಳಿದೆ.

"ನಿನಗೆಂತ ಗೊತ್ತು, ನೀನೇನು ಪೈಲಟಾ?" ಎಂದು ಅವನು ನಕ್ಕ. ನನ್ನ ಮುಖ ನೋಡಿದ. ಮತ್ತೆ ನಗಲಿಲ್ಲ.

ಅವಳ ಫೋನ್ ಸ್ವಿಚ್ಡ್ ಆಫ್. ಸ್ಕೂಲಿನ ಫೋನ್ ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಕಲಸಿದ ಅನ್ನ ತಟ್ಟೆಯಲ್ಲಿ, ಅವನ ಕೈಯಲ್ಲಿ ಒಣಗಿತು. ತೊಳೆದುಕೋ ಎಂದು ನಾನೂ ಹೇಳಲಿಲ್ಲ. ಕಿಟಕಿಯಾಚೆ ಬಿಸಿಲು ಅಷ್ಟು ಪ್ರಖರವಾಗಿತ್ತಲ್ಲ, ಅದನ್ನು ನೋಡಿಯೇ ನನಗೆ ಹೆಚ್ಚು ಭಯವಾಯಿತು. ಇಲ್ಲಿಯ ಆಕಾಶ ಅಲ್ಲಿಯದನ್ನು ಹೇಳುವುದಿಲ್ಲ ಎಂದು ಕಲಿಸಿದವಳು ಅವಳೇ.

ಕೊನೆಗೆ ಅವಳೇ ಫೋನ್ ಮಾಡಿದಳು. ನಾನು ಸ್ಪೀಕರ್ ಹಾಕಿದೆ.

"ಅಜ್ಜಿ, ಮೈ ಠೀಕ್ ಹೂಂ. ಎದುರಿಗೆ ಪೂರಾ ಕಾಲಾ ದೀವಾರ್, ಗೋಡೆ ಹಾಗೆ ಮೋಡ. ವಿಮಾನ ಗಾಳಿಗೆ ಹೊಯ್ದಾಡ್ತಿತ್ತು, ನನ್ನ ಮಾತೇ ಕೇಳ್ತಿರ್ಲಿಲ್ಲ. ಹೇಗೋ ತಿರುಗಿಸಿ ವಾಪಸ್ ಬಂದೆ."

ಹೊಸ ವರದಿ ನೋಡಲಿಲ್ಲವೇ ಎಂದು ಕೇಳಿದೆ. ನೋಡಿದ್ದಳಂತೆ. ಮೋಡ ಇನ್ನೂ ದೂರವಿತ್ತು, ಅದಕ್ಕಿಂತ ಮುಂಚೆ ಮುಗಿಸಬಹುದು ಎಂದುಕೊಂಡಳಂತೆ. ಏನೋ ನೆಪ ಹೇಳಿ ತನ್ನ ಬೆಳಗಿನ ಸರದಿಯನ್ನು ಜೊತೆಯ ಹುಡುಗಿಗೆ ಬಿಟ್ಟುಕೊಟ್ಟಿದ್ದಳು. ಆ ಹುಡುಗಿ ತಿಳಿ ಆಕಾಶದಲ್ಲಿ ಹೋಗಿ ಬಂದು ನಿದ್ದೆ ಮಾಡುತ್ತಿದ್ದಳು.

ಮಧ್ಯಾಹ್ನ ಮೋಡ ಬರುತ್ತದೆಂದು ಅಪ್ಪನಿಗೆ ಯಾಕೆ ಹೇಳಲಿಲ್ಲ? ಅದನ್ನೂ ಕೇಳಿದೆ.

"ಅಪ್ಪನ ಆವಾಜ್ ನಡುಗ್ತಿತ್ತು ಅಜ್ಜಿ. ಒಂದು ಮಾತು ಕೇಳಿದ್ರೆ ಅವರಿಗೆ ಸಮಾಧಾನ ಆಗ್ತದೆ ಅಂತ."

ಮೋಡಕ್ಕಿಂತ ಹೆಚ್ಚಾಗಿ ಈ ಮಾತೇ ನನ್ನನ್ನು ತತ್ತರಿಸುವಂತೆ ಮಾಡಿತು. ಈಗಲೂ ಪಾತ್ರೆ ತೊಳೆಯುವಾಗ ನೆನಪಾದರೆ ಕೈ ನಿಲ್ಲುತ್ತದೆ. ಡಿಯರ್ ಗಾಡ್, ನಮ್ಮ ಭಯವನ್ನು ಸಮಾಧಾನ ಮಾಡಲು ಆ ಮಗು ಗುಡುಗಿನ ಬಾಯಿಗೆ ಹೋಗಿತ್ತು. ಮಗ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟ. ನೀರು ತುಂಬಾ ಹೊತ್ತು ಸುರಿಯುತ್ತಿತ್ತು.

ಆ ಪಯಣ ಅವಳಿಗೆ ಮತ್ತೆ ಸಿಕ್ಕಿದ್ದು ಸ್ವಲ್ಪ ದಿನಗಳ ನಂತರ. ಹೊರಡುವ ಹೊತ್ತು ಈ ಸಲವೂ ರಾಹುಕಾಲದಲ್ಲೇ ಬಿದ್ದಿತ್ತು. ಅವಳು ಸ್ಪೀಕರಿನಲ್ಲಿ ವರದಿ ಓದಿದಳು. ನಾನು ನನ್ನ ಪ್ರಶ್ನೆ ಕೇಳಿದೆ. ಈ ಸಲ ಆಟದ ದನಿ ಬರಲಿಲ್ಲ. ಅವಳು, ಅಪ್ಪ ಹೇಳಲಿ ಎಂದಳು.

ಹೋಟೆಲಿಗೆ ಹೊರಟಿದ್ದ ಮಗ ಅಂಗಿಯ ಗುಂಡಿ ಅರ್ಧ ಹಾಕಿ ನಿಂತಿದ್ದ. ಇನ್ನೊಮ್ಮೆ ಓದು ಎಂದ. ಅವಳು ಮೊದಲಿನಿಂದ ಓದಿದಳು. ಒಂದಕ್ಷರ ಅರ್ಥವಾಗದಿದ್ದರೂ ತಲೆ ತಗ್ಗಿಸಿ ಕೇಳಿದ.

"ಮಧ್ಯಾಹ್ನ ಗುಡುಗು ಉಂಟಾ?"

"ಸಂಜೆಗೆ ಉಂಟಪ್ಪ."

ಅವನ ಕಣ್ಣು ಗೋಡೆಯ ಪಂಚಾಂಗದ ಕಡೆ ಹೋಯಿತು, ವಾಪಸು ಬಂತು.

"ಹಾಗಾದ್ರೆ ಈಗಲೇ ಹೊರಡು ಮಗಾ," ಎಂದ.

ಆ ದಿನ ಅವನು ಹೋಟೆಲಿಗೆ ಹೋಗಲಿಲ್ಲ. ಅವಳು ಇಳಿದೆನೆಂದು ಹೇಳುವವರೆಗೆ ಅದೇ ಅರ್ಧ ಗುಂಡಿಯ ಅಂಗಿಯಲ್ಲಿ ಫೋನಿನ ಮುಂದೆ ಕೂತಿದ್ದ. ನಾನು ಪಕ್ಕದಲ್ಲಿ.